ಶಿಟಾಕೆ ಅಣಬೆ ಮತ್ತು ಚಿಕ್ಕಮ್ಮನ ಪ್ರಶ್ನೆ

ಹೋದ ತಿಂಗಳು ಊರಿಂದ ಚಿಕ್ಕಮ್ಮ ಫೋನ್ ಮಾಡಿದ್ದರು. ಚಿಕ್ಕಪ್ಪನಿಗೆ ಕೀಮೋ ನಡೀತಾ ಇದೆ. "ಯಾರೋ ಅಣಬೆ ಪುಡಿ ಕೊಡಿ ಅಂದ್ರು ಕಣೋ, ರೋಗನಿರೋಧಕ ಶಕ್ತಿ ಹೆಚ್ಚುತ್ತಂತೆ. ತರಿಸಲಾ?" ನನಗೆ ಉತ್ತರ ಗೊತ್ತಿರಲಿಲ್ಲ. ಚಿಕ್ಕವರಿದ್ದಾಗ ನಾಯಿಕೊಡೆ ಅಂತ ಕಾಲಲ್ಲಿ ಒದೀತಿದ್ದ ವಸ್ತು ಔಷಧಿ ಆಗಿದ್ದು ಯಾವಾಗ? ಓದುತ್ತಾ ಕೂತೆ..

ಕಥೆ ಶುರುವಾಗೋದು ಜಪಾನಿನಲ್ಲಿ. ಅಲ್ಲಿ ಶಿಟಾಕೆ ಅಣಬೆ ದಿನನಿತ್ಯದ ಅಡುಗೆಯ ಪದಾರ್ಥ. ಟೋಕಿಯೋದ ರಾಷ್ಟ್ರೀಯ ಕ್ಯಾನ್ಸರ್ ಕೇಂದ್ರದಲ್ಲಿದ್ದ ಗೋರೋ ಚಿಹಾರಾ ಮತ್ತು ಸಂಗಡಿಗರು ಅದನ್ನು ಬಿಸಿನೀರಿನಲ್ಲಿ ಕುದಿಸಿ, ಆ ಸಾರದಿಂದ ಬೀಟಾ-ಗ್ಲುಕಾನ್ ಜಾತಿಯ ಒಂದು ವಸ್ತುವನ್ನು ಬೇರ್ಪಡಿಸಿದರು. ಗಡ್ಡೆ ಇದ್ದ ಇಲಿಗಳಿಗೆ ಅದನ್ನು ಚುಚ್ಚಿದಾಗ ಗಡ್ಡೆಗಳು ಕರಗಿದವು. 1969ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಸುದ್ದಿ ಬಂತು. ಆ ವಸ್ತುವಿನ ಹೆಸರು ಲೆಂಟಿನಾನ್.

ವಿಚಿತ್ರ ಅಂದ್ರೆ, ಅದು ಕ್ಯಾನ್ಸರ್ ಕಣವನ್ನು ನೇರವಾಗಿ ಕೊಲ್ಲುವುದಿಲ್ಲ! ಹುಟ್ಟುತ್ತಲೇ ಥೈಮಸ್ ಗ್ರಂಥಿ ತೆಗೆದ ಇಲಿಗಳಲ್ಲಿ ಅದರ ಆಟ ನಡೆಯಲಿಲ್ಲ ಅಂತ 1971ರಲ್ಲಿ ಗೊತ್ತಾಯಿತು. ಅಂದರೆ ಕೆಲಸ ಮಾಡುತ್ತಿದ್ದುದು ಇಲಿಯದೇ ರಕ್ಷಣಾ ಪಡೆ. ಅಣಬೆ ಬರೀ ಎಬ್ಬಿಸುತ್ತಿತ್ತು. ಹೇಗೆ ಎಬ್ಬಿಸುತ್ತೆ ಅನ್ನೋದಕ್ಕೆ ಮೂವತ್ತು ವರ್ಷ ಕಾಯಬೇಕಾಯಿತು. ಬೀಟಾ-ಗ್ಲುಕಾನ್ ಶಿಲೀಂಧ್ರಗಳ ಕೋಶಗೋಡೆಯಲ್ಲಿರುತ್ತದೆ, ನಮ್ಮ ದೇಹದಲ್ಲಿ ಇಲ್ಲ. ಅದನ್ನು ಗುರುತು ಹಿಡಿಯುವ ಡೆಕ್ಟಿನ್-1 ಎಂಬ ಗ್ರಾಹಕ ನಮ್ಮ ರಕ್ಷಣಾ ಕಣಗಳ ಮೇಲಿದೆ ಅಂತ 2001ರಲ್ಲಿ ಗಾರ್ಡನ್ ಬ್ರೌನ್ ಮತ್ತು ಸೈಮನ್ ಗಾರ್ಡನ್ ತೋರಿಸಿದರು. ಮನೆಗೆ ಕಳ್ಳ ಬಂದ ಅಂತ ನಾಯಿ ಬೊಗಳಿದ ಹಾಗೆ :-)

ಈ ನಡುವೆ 1985ರಲ್ಲಿ ಜಪಾನ್ ಸರ್ಕಾರ ಜಠರದ ಕ್ಯಾನ್ಸರಿಗೆ ಕೀಮೋ ಜೊತೆ ಕೊಡುವ ಚುಚ್ಚುಮದ್ದಾಗಿ ಲೆಂಟಿನಾನಿಗೆ ಒಪ್ಪಿಗೆ ಕೊಟ್ಟಿತ್ತು. ಆದರೆ ಜಪಾನಿನಲ್ಲೇ ಸುಮಾರು 300 ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಕೀಮೋ ಜೊತೆ ಲೆಂಟಿನಾನ್ ಸೇರಿಸಿದವರು ಹೆಚ್ಚು ಕಾಲ ಬದುಕಲಿಲ್ಲ. ಇಲಿಗಾದದ್ದು ಮನುಷ್ಯನಿಗೂ ಆಗಬೇಕೆಂದಿಲ್ಲವಲ್ಲ.

ಇಷ್ಟು ಓದಿದ ಮೇಲೆ ಚಿಕ್ಕಮ್ಮನಿಗೆ ಹೇಳಿದೆ: "ಅದು ನಾಳಕ್ಕೆ ಚುಚ್ಚಿದ ಶುದ್ಧ ಔಷಧಿಯ ಕಥೆ, ಡಬ್ಬಿಯ ಪುಡಿಯದ್ದಲ್ಲ. ಡಾಕ್ಟರನ್ನು ಕೇಳದೆ ತರಿಸಬೇಡಿ. ಚಿಕ್ಕಪ್ಪನಿಗೆ ತಿನ್ನೋ ಆಸೆ ಇದ್ರೆ, ಅವರನ್ನೇ ಕೇಳಿ ಪಲ್ಯ ಮಾಡಿ, ಚೆನ್ನಾಗಿ ಬೇಯಿಸಿ." ಅರೆಬೆಂದ ಶಿಟಾಕೆ ತಿಂದರೆ ಕೆಲವರ ಮೈಮೇಲೆ ಚಾಟಿಯಲ್ಲಿ ಹೊಡೆದಂಥ ಗೆರೆ ಏಳುತ್ತವೆ. ಅದಕ್ಕೂ ಲೆಂಟಿನಾನೇ ಕಾರಣ ಅಂತಾರೆ!

ಚಿಕ್ಕಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಬರೀ ಪಲ್ಯಾನಾ?" ಅಂದರು. ಹೌದು ಅಂದೆ. ಆಸೆ ಕಿತ್ತುಕೊಂಡ ಹಾಗಾಯಿತೇನೋ ಅಂತ ಇನ್ನೂ ಕೊರೀತಿದೆ. ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?