ಉತಮಾರೊನ ಸ್ತ್ರೀಚಿತ್ರಗಳೂ ಹೆಸರಿನ ನಿಷೇಧವೂ

ಜಪಾನಿನ ಮರದಚ್ಚಿನ ಚಿತ್ರಗಳಲ್ಲಿ ಕಿಟಗಾವ ಉತಮಾರೊ ಸುಮಾರು 1793ರಲ್ಲಿ ರಚಿಸಿದ ‘ಈ ಕಾಲದ ಮೂವರು ಸುಂದರಿಯರು’ ಬಹು ಪ್ರಸಿದ್ಧವಾದುದು. ಕಲಾವಿಮರ್ಶಕರು ಅದನ್ನು ರೇಖಾಲಾವಣ್ಯಕ್ಕಾಗಿ ಕೊಂಡಾಡುತ್ತಾರೆ. ನಮಗಾದರೋ ಅದು ಇಂದಿನ ಟೋಕಿಯೋ ಆಗಿರುವ ಎದೊ ನಗರದ ಆಡಳಿತಕ್ಕೆ ಸಂಬಂಧಿಸಿದ ಒಂದು ದಾಖಲೆಯಾಗಿಯೂ ತೋರುತ್ತದೆ.

ಇಲ್ಲಿ ಚಿತ್ರಿತರಾದವರು ರಾಣಿಯರಲ್ಲ. ಅಸಾಕುಸ ದೇವಾಲಯದ ಬಳಿಯ ಚಹದಂಗಡಿಯ ಒಕಿತ, ಸೆಂಬೆ ಎಂಬ ಅಕ್ಕಿಯ ಬಿಲ್ಲೆಗಳ ವ್ಯಾಪಾರಿಯ ಮಗಳು ಒಹಿಸ, ಗಾಯನದಲ್ಲಿ ನುರಿತ ಗೇಶಾ ತೊಯೊಹಿನ. ಮೊದಲ ನೋಟಕ್ಕೆ ಮೂರು ಮುಖಗಳೂ ಒಂದೇ ಅಚ್ಚಿನವು. ನಿಟ್ಟಿಸಿ ನೋಡಿದರೆ ಮೂಗಿನ ಏರಿನಲ್ಲಿ, ಕಣ್ಣಿನ ಬಾಗಿನಲ್ಲಿ ಸೂಕ್ಷ್ಮಭೇದ ಉಂಟು. ಆದರೂ ಯಾರು ಯಾರೆಂಬುದನ್ನು ಸಾರುವ ಹೊಣೆ ಮುಖ್ಯವಾಗಿ ಉಡುಪಿನ ಲಾಂಛನಗಳದು, ಬರೆದ ಹೆಸರುಗಳದು. ಒಕಿತಳ ಲಾಂಛನ ಪೌಲೋನಿಯಾ ಮರದ ಎಲೆ ಹೂಗಳು. ಒಹಿಸಳದು ಮೂರು ಓಕ್ ಎಲೆಗಳು.

ಸರ್ಕಾರದ ಕಣ್ಣು ಬಿದ್ದುದು ಈ ಹೆಸರುಗಳ ಮೇಲೆಯೇ. ಮತ್ಸುದೈರ ಸದನೊಬು 1787ರಿಂದ 1793ರ ವರೆಗೆ ನಡೆಸಿದ ಸುಧಾರಣೆಗಳು ಮುದ್ರಣವನ್ನೂ ಬಿಗಿಹಿಡಿದುವು. 1790ರಿಂದ ಚಿತ್ರಗಳಿಗೆ ಪರಿಶೀಲಕರ ಮುದ್ರೆ ಅವಶ್ಯವಾಯಿತು. ಉತಮಾರೊನ ಪ್ರಕಾಶಕ ತ್ಸುತಯ ಜೂಜಬುರೊ 1791ರಲ್ಲಿ, ಬೇರೆ ಪುಸ್ತಕಗಳ ನಿಮಿತ್ತ, ತನ್ನ ಆಸ್ತಿಯಲ್ಲಿ ಅರ್ಧವನ್ನು ದಂಡವಾಗಿ ತೆರಬೇಕಾಯಿತು. 1793ರಲ್ಲಿ ವೇಶ್ಯೆಯರನ್ನುಳಿದು ಇತರ ಸ್ತ್ರೀಯರ ಹೆಸರನ್ನು ಚಿತ್ರದಲ್ಲಿ ನಮೂದಿಸಕೂಡದೆಂದು ಆಜ್ಞೆಯಾಯಿತು. ವೇಶ್ಯೆಗೆ ಸಲ್ಲುವ ಹೆಸರು ಚಹ ಕೊಡುವ ಹುಡುಗಿಗೆ ಸಲ್ಲದು! ಶೀಲರಕ್ಷಣೆಯೊಂದೇ ಇದರ ಉದ್ದೇಶವೆಂದು ನಾವು ನಂಬಲಾರೆವು. ಸಾಮಾನ್ಯಳೊಬ್ಬಳು ನಗರದಲ್ಲೆಲ್ಲ ಹೆಸರಾಗುವುದು ಶ್ರೇಣೀಬದ್ಧ ಸಮಾಜದ ಒಡೆಯರಿಗೆ ಹಿತವಾಗಿರಲಾರದು. ‘ಮೂವರು ಸುಂದರಿಯರ’ ಮೊದಲ ಮುದ್ರಣದಲ್ಲಿದ್ದ ಶೀರ್ಷಿಕೆಯೂ ಹೆಸರುಗಳೂ ಅನಂತರದ ಪ್ರತಿಗಳಲ್ಲಿ ಕಾಣುವುದಿಲ್ಲ.

ಉತಮಾರೊ ಹಿಂದೆಗೆಯಲಿಲ್ಲ. ಸುಮಾರು 1795–96ರ ಒಂದು ಚಿತ್ರಮಾಲೆಯಲ್ಲಿ ಹೆಸರಿಗೆ ಬದಲಾಗಿ ಮೂಲೆಯ ಪುಟ್ಟ ಚೌಕದೊಳಗೆ ಚಿತ್ರದ ಒಗಟನ್ನಿಟ್ಟನು. ಎರಡು ಕಟ್ಟು ಸೊಪ್ಪು, ಒಂದು ಬಾಣ, ದೂರದ ಕಡಲು, ಒಂದು ಗದ್ದೆ. ಜಪಾನೀ ಭಾಷೆಯಲ್ಲಿ ಸೊಪ್ಪು ‘ನ’, ಎರಡು ಕಟ್ಟು ‘ನಿವ’, ಬಾಣ ‘ಯ’, ದೂರದ ಕಡಲು ‘ಒಕಿ’, ಗದ್ದೆ ‘ತ’. ಕೂಡಿಸಿ ಓದಿದರೆ ನನಿವಯ ಒಕಿತ: ಚಹದಂಗಡಿಯ ಹೆಸರು, ಹುಡುಗಿಯ ಹೆಸರು. ಹೀಗೆ ನಿಷೇಧವೇ ಕೊಳ್ಳುವವನಿಗೆ ಒಂದು ವಿನೋದವನ್ನು ಒದಗಿಸಿತು.

ಅಧಿಕಾರಿಗಳಿಗೂ ಒಗಟು ಬಿಡಿಸಲು ಬರುತ್ತಿತ್ತು. 1796ರಲ್ಲಿ ಅದನ್ನೂ ನಿಷೇಧಿಸಿದರು. 1800ರಲ್ಲಿ, ಮುಖವನ್ನೇ ದೊಡ್ಡದಾಗಿ ತೋರುವ ಸ್ತ್ರೀಚಿತ್ರಗಳನ್ನು ಸಹ.