ಹಳೆಯ ಹರಿಗೋಲಿನ ಪರೀಕ್ಷೆ

ಕಡಲತೀರದವರು ಹಳೆಯ ನಾವೆಯನ್ನು ಕೊಳ್ಳುವಾಗ ಅದರ ಹಾಯಿ, ಕೂವೆಕಂಬ, ಹಗ್ಗಗಳನ್ನು ಪರೀಕ್ಷಿಸುತ್ತಾರೆ. ನಮ್ಮ ತುಂಗಭದ್ರೆಯ ಹರಿಗೋಲಿಗೆ ಹಾಯಿಯಿಲ್ಲ, ಕಂಬವಿಲ್ಲ, ಹಿಂದುಮುಂದೆಂಬ ಭೇದವೂ ಇಲ್ಲ. ಇಂಥದನ್ನು ಕೊಳ್ಳುವವನು ನೋಡಬೇಕಾದುದಾದರೂ ಏನನ್ನು? ಈ ಪ್ರಶ್ನೆ ನನಗೆ ಎದುರಾದದ್ದು ನಿವೃತ್ತನಾದ ಮೇಲೆ.

ಕುರೆಕುಪ್ಪದ ನಮ್ಮ ನೆಂಟನೊಬ್ಬ ಕೆರೆಯಲ್ಲಿ ಮೀನು ಹಿಡಿಯಲು ಹಳೆಯ ಹರಿಗೋಲೊಂದನ್ನು ಕೊಳ್ಳಬೇಕೆಂದಿದ್ದ. ಸಾಲ ತಂದ ಹಣ. ಅವನಿಗೆ ಈಜೂ ಬಾರದು. ಹಂಪೆಯ ಇತಿಹಾಸವನ್ನು ಓದಿದವನೆಂಬ ನಂಬಿಕೆಯಿಂದ ನನ್ನನ್ನೂ ಕರೆದುಕೊಂಡು ಹೊರಟ.

ನನ್ನ ಓದಾದರೂ ಎಷ್ಟು? ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರಲ್ಲಿ, ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಈ ದೋಣಿಗಳನ್ನು ವರ್ಣಿಸಿದ್ದಾನೆ. ಬುಟ್ಟಿಯಂತೆ ದುಂಡಗಿನ ಹೆಣಿಗೆ, ಹೊರಗೆ ಚರ್ಮದ ಹೊದಿಕೆ. ಹದಿನೈದಿಪ್ಪತ್ತು ಜನ ಕೂರಬಹುದು. ಅಗತ್ಯಬಿದ್ದರೆ ಕುದುರೆ ಎತ್ತುಗಳನ್ನೂ ದಾಟಿಸಬಹುದು. ನೆಟ್ಟಗೆ ಸಾಗದೆ ಸುತ್ತುತ್ತಲೇ ಹೋಗುತ್ತವೆ. ರಾಬರ್ಟ್ ಸಿವೆಲ್ 1900ರಲ್ಲಿ ಪ್ರಕಟಿಸಿದ ಗ್ರಂಥದಿಂದ ಈ ಮಾತುಗಳನ್ನು ತರಗತಿಯಲ್ಲಿ ನಾನು ಎಷ್ಟೋ ಸಲ ಹೇಳಿದ್ದೆ.

ಆನೆಗೊಂದಿಯ ದಡದಲ್ಲಿ ಎರಡು ಹರಿಗೋಲುಗಳು ಮಾರಾಟಕ್ಕಿದ್ದವು. ಒಂದು ಹೊಸದಾಗಿ ಡಾಂಬರು ಬಳಿದು ಮಿರುಗುತ್ತಿತ್ತು. ಇನ್ನೊಂದರ ಹೊದಿಕೆ ಹರಿದು ಜೋಲುತ್ತಿತ್ತು. ನಾನು ಮೊದಲನೆಯದನ್ನೇ ಮೆಚ್ಚಿದೆ. ಅಷ್ಟರಲ್ಲಿ ಪಕ್ಕದಲ್ಲಿ ಕುಳಿತಿದ್ದ ಮುದಿ ಅಂಬಿಗನೊಬ್ಬ ಎದ್ದುಬಂದು ಅದರೊಳಗೆ ಹಾಸಿದ್ದ ಗೋಣಿಯನ್ನು ಎತ್ತಿ, ನಡುತಳದ ಬಿದಿರ ದಬ್ಬೆಯನ್ನು ಹೆಬ್ಬೆರಳಿನಿಂದ ಒತ್ತಿದ. ಕಪ್ಪಾಗಿದ್ದ ದಬ್ಬೆ ಪುಡಿಯಾಯಿತು. ಎರಡನೆಯದರ ಅಂಚನ್ನು ಹಿಡಿದು ಬಗ್ಗಿಸಿದ. ಬಿಟ್ಟೊಡನೆ ಅದು ಮೊದಲಿನಂತಾಯಿತು.

“ಹೊದಿಕಿ ಹೋದ್ರ ಬ್ಯಾರೆ ಹಾಕಬಹುದ್ರಿ ಮೇಷ್ಟ್ರ, ಹೆಣಿಗಿ ಹೋದ್ರ ಏನ್ ಮಾಡ್ತೀರಿ?” ಎಂದ.

ಆಗ ಹೆರೊಡೋಟಸ್ ನೆನಪಾದ. ಕ್ರಿ.ಪೂ. 5ನೆಯ ಶತಮಾನದ ಆ ಗ್ರೀಕ್ ಇತಿಹಾಸಕಾರ ಬ್ಯಾಬಿಲೋನಿಗೆ ಹೊಳೆಗುಂಟ ಇಳಿದುಬರುತ್ತಿದ್ದ ಇಂಥವೇ ದುಂಡು ದೋಣಿಗಳ ಮಾತು ಹೇಳುತ್ತಾನೆ. ಸರಕು ಮಾರಿದ ವರ್ತಕರು ದೋಣಿಯ ಹಂದರವನ್ನೂ ಅಲ್ಲೇ ಮಾರಿ, ಚರ್ಮವನ್ನು ಮಾತ್ರ ಕತ್ತೆಯ ಮೇಲೆ ಹೇರಿಕೊಂಡು ಊರಿಗೆ ಮರಳುತ್ತಿದ್ದರಂತೆ. ಪ್ರವಾಹಕ್ಕೆದುರಾಗಿ ದೋಣಿಯನ್ನು ಒಯ್ಯಲಾಗದವರಿಗೆ ಅದೇ ಲಾಭ. ನಮ್ಮಲ್ಲಿ ಲೆಕ್ಕ ತಿರುವುಮುರುವು: ಹೊದಿಕೆ ಹೋಗುತ್ತದೆ, ಹೆಣಿಗೆ ಉಳಿಯಬೇಕು. ಪಯಸ್ ಕಂಡ ಚರ್ಮದ ಜಾಗಕ್ಕೆ ಇಂದು ಪ್ಲಾಸ್ಟಿಕ್ ಹಾಳೆ, ಡಾಂಬರುಗಳು ಬಂದಿವೆ. ಬಿದಿರಿನ ಹೆಣಿಗೆ ಮಾತ್ರ ಹಾಗೆಯೇ ಇದೆ. ವಿಜಯನಗರದವರ ಕಲ್ಲಿನ ಸೇತುವೆಯಲ್ಲಿ ಇಂದು ಕಂಬಗಳಷ್ಟೇ ಹೊಳೆಯಲ್ಲಿ ನಿಂತಿವೆ. ಆನೆಗೊಂದಿಗೆಂದು ಕಟ್ಟುತ್ತಿದ್ದ ಸೇತುವೆ 2009ರಲ್ಲಿ ಕುಸಿದು ಜೀವಗಳನ್ನು ಬಲಿ ತೆಗೆದುಕೊಂಡಿತು. ಹರಿಗೋಲು ಇನ್ನೂ ತೇಲುತ್ತಿದೆ.

ನೆಂಟ ಹರಿದ ಹರಿಗೋಲನ್ನೇ ಕೊಂಡ. ಹೊಸ ಹೊದಿಕೆ ಹಾಕಿಸಿಯೂ ಸಾಲದ ಹಣದಲ್ಲಿ ಸ್ವಲ್ಪ ಉಳಿಯಿತು. ನಾನು ಮೆಚ್ಚಿದ್ದನ್ನು ಕೊಂಡಿದ್ದರೆ ನಡುಗೆರೆಯಲ್ಲಿ ಅವನ ಗತಿ ಏನಾಗುತ್ತಿತ್ತೆಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಇತಿಹಾಸದ ಪುಸ್ತಕವನ್ನು ಕೈಗೆತ್ತಿಕೊಂಡಾಗಲೆಲ್ಲ ಆ ಅಂಬಿಗನ ಹೆಬ್ಬೆರಳು ಕಣ್ಣಮುಂದೆ ಬರುತ್ತದೆ.