ಕೂಲಂಟ್ ಇಳೀತಿದೆ, ನೆಲದ ಮೇಲೆ ಹನಿ ಇಲ್ಲ: ಸೋರಿಕೆ ಎಲ್ಲಿ?

ಹಳೇ ಗಾಡಿಗೆ ವಾರವಾರ ನೀರು ತುಂಬಿಸಿ ಸುಮ್ಮನಾಗಬೇಡಿ. ಸಣ್ಣ ಸೋರಿಕೆ ಬಿಸಿ ಎಂಜಿನ್ ಮೇಲೆಯೇ ಆವಿಯಾಗಿ ಹೋಗುತ್ತದೆ, ಕೆಳಗೆ ಬೀಳುವುದಿಲ್ಲ.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ನೋಡಿ. ಬಿಸಿಯಿದ್ದಾಗ ರೇಡಿಯೇಟರ್ ಕ್ಯಾಪ್ ತೆಗೆದರೆ ಮುಖ, ಕೈ ಸುಡುತ್ತದೆ.

* ಹೋಸ್ ಕ್ಲಿಪ್, ವಾಟರ್ ಪಂಪ್ ಸುತ್ತ ಒಣಗಿದ ಬಿಳಿ, ಹಸಿರು ಕಲೆ: ಸೋರಿಕೆ ಅಲ್ಲೇ. ಕ್ಲಿಪ್ ಬಿಗಿ ಮಾಡಿಸಿ; ಹೋಸ್ ಬಿರುಕು ಬಿಟ್ಟಿದ್ದರೆ, ಪಂಪ್ ಸೋರುತ್ತಿದ್ದರೆ ಬದಲಿಸಿ.
* ಗಾಡಿಯೊಳಗೆ ಸಿಹಿ ವಾಸನೆ, ಮ್ಯಾಟ್ ಒದ್ದೆ: ಹೀಟರ್ ಕಡೆ ನೋಡಿ.
* ಆಯಿಲ್ ಹಾಲು ಬೆರೆಸಿದ ಟೀ ಬಣ್ಣ, ಎಂಜಿನ್ ಕಾದ ಮೇಲೂ ದಟ್ಟ ಬಿಳಿ ಹೊಗೆ: ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಓಡಿಸಲೇಬೇಡಿ.

ಏನೂ ಕಾಣದಿದ್ದರೆ ಗ್ಯಾರೇಜ್‌ನಲ್ಲಿ ಪ್ರೆಷರ್ ಟೆಸ್ಟ್ ಮಾಡಿಸಿ. ಕ್ಯಾಪ್ ಮೇಲೆ ಬರೆದಷ್ಟೇ ಒತ್ತಡ ಕೊಟ್ಟು ಬಿಟ್ಟಾಗ ಮೀಟರ್ ಮುಳ್ಳು ಇಳಿದರೆ ಸೋರಿಕೆ ಇದೆ ಎಂದರ್ಥ. ಕ್ಯಾಪ್‌ನ ರಬ್ಬರನ್ನೂ ನೋಡಿಸಿ. ಹೋಸ್ ಖರ್ಚಿಗೆ ಹಿಂಜರಿದರೆ ನಾಳೆ ಎಂಜಿನ್ನೇ ಬಿಚ್ಚಿಸಬೇಕಾದೀತು.